ನಿಲುವು ತಳೆಯುವ ಮೊದಲು: ವಾಷಿಂಗ್ಟನ್ನಿನ ಒಂದು ರಾಷ್ಟ್ರೀಯ ಅಧಿವೇಶನ

(ಮೈಸೂರಿನ ಮಹಿಳಾ ಸಂಘವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿ, ಅಂಕಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಅಧ್ಯಕ್ಷರೇ, ಸಂಘದ ಹಿರಿಯರೇ, ಸಭಿಕರೇ,

2016ರ ಜೂನ್ ತಿಂಗಳಿನಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಲೀಗ್ ಆಫ್ ವಿಮೆನ್ ವೋಟರ್ಸ್, ಅಂದರೆ ಮಹಿಳಾ ಮತದಾರರ ಲೀಗ್ ಎಂಬ ಸಂಸ್ಥೆಯ ರಾಷ್ಟ್ರೀಯ ಅಧಿವೇಶನ ನಡೆಯಿತು. ಒಹಾಯೊ ರಾಜ್ಯದ ಒಂದು ಸ್ಥಳೀಯ ಘಟಕದ ಪ್ರತಿನಿಧಿಯಾಗಿ ನಾನು ಅದರಲ್ಲಿ ಪಾಲ್ಗೊಂಡಿದ್ದೆ. ಅದರ ಬಗ್ಗೆ ಮಾತನಾಡಬೇಕೆಂದು ಸಂಘದವರು ಕೇಳಿದಾಗ, ಶ್ವೇತಭವನದ ಮುಂದೆ ನಿಂತು ತೆಗೆಸಿಕೊಂಡ ಫೋಟೊಗಳ ವರ್ಣನೆ ಬೇಡ, ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ ಎಂದು ಷರತ್ತು ಹಾಕಿ ಒಪ್ಪಿಕೊಂಡೆ. ನನಗೆ ಮುಖ್ಯವೆನಿಸಿದ ಪ್ರಶ್ನೆ ಒಂದೇ. ಯಾರೂ ಓಟು ಹಾಕಿ ಆರಿಸದ ಒಂದು ನಾಗರಿಕ ಸಂಸ್ಥೆ, ಸರ್ಕಾರದ ಎದುರು ನಿಂತು "ನಮ್ಮ ಸದಸ್ಯರ ಅಭಿಪ್ರಾಯ ಹೀಗಿದೆ" ಎಂದು ಹೇಳುವ ಅಧಿಕಾರವನ್ನು ಎಲ್ಲಿಂದ ಪಡೆಯುತ್ತದೆ? ಅದರ ಅಧ್ಯಕ್ಷರ ಪ್ರತಿಷ್ಠೆಯಿಂದಲೇ, ಪತ್ರಿಕಾಗೋಷ್ಠಿಯ ಗದ್ದಲದಿಂದಲೇ, ಅಥವಾ ಬೇರೆ ಯಾವುದರಿಂದಾದರೂ ಬರುತ್ತದೆಯೇ?

ಮೊದಲು ಸಂಸ್ಥೆಯ ಪರಿಚಯವನ್ನು ಸ್ವಲ್ಪದರಲ್ಲಿ ಮಾಡಿಕೊಡುತ್ತೇನೆ. ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕು ನೀಡಿದ 19ನೇ ಸಂವಿಧಾನ ತಿದ್ದುಪಡಿ ಅಂಗೀಕಾರವಾದದ್ದು 1920ರ ಆಗಸ್ಟಿನಲ್ಲಿ. ಅದಕ್ಕೆ ಆರು ತಿಂಗಳು ಮೊದಲು, ಫೆಬ್ರವರಿ 14ರಂದು, ಷಿಕಾಗೊ ನಗರದಲ್ಲಿ ಸೇರಿದ್ದ ಹೋರಾಟಗಾರ್ತಿಯರ ಸಭೆಯಲ್ಲಿ ಈ ಲೀಗ್ ಹುಟ್ಟಿಕೊಂಡಿತು. ಕ್ಯಾರಿ ಚಾಪ್‌ಮನ್ ಕ್ಯಾಟ್ ಅದರ ಪ್ರೇರಕಿ, ಮಾಡ್ ವುಡ್ ಪಾರ್ಕ್ ಮೊದಲ ಅಧ್ಯಕ್ಷೆ. ಹಕ್ಕು ಕೈಗೆ ಬರುತ್ತಿದೆ, ಅದನ್ನು ಬಳಸುವ ತಿಳಿವಳಿಕೆಯೂ ಬರಬೇಕು ಎಂಬುದು ಅವರ ಆಲೋಚನೆ. ಲೀಗ್ ಯಾವ ಪಕ್ಷವನ್ನೂ ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವುದಿಲ್ಲ, ವಿರೋಧಿಸುವುದೂ ಇಲ್ಲ ಎಂಬ ನಿಯಮ ಅಂದಿನಿಂದ ಇಂದಿನವರೆಗೆ ನಡೆದು ಬಂದಿದೆ. ಆದರೆ ವಿಷಯಗಳ ಮೇಲೆ ಅದು ಬಾಯಿ ಮುಚ್ಚಿಕೊಂಡು ಕೂರುವ ಸಂಸ್ಥೆಯಲ್ಲ. ತಾಯಂದಿರ ಮತ್ತು ಶಿಶುಗಳ ಆರೋಗ್ಯಕ್ಕೆ ಕೇಂದ್ರ ಸರ್ಕಾರದ ಹಣ ಒದಗಿಸಿದ 1921ರ ಕಾನೂನಿನ ಹಿಂದೆ ಲೀಗಿನ ಒತ್ತಡ ಬಹಳವಿತ್ತು. ವಾಹನ ಚಾಲನಾ ಪರವಾನಗಿ ಮಾಡಿಸುವ ಕಚೇರಿಯಲ್ಲೇ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅವಕಾಶ ಕೊಟ್ಟ 1993ರ ಕಾನೂನಿನ ಹಿಂದೆಯೂ ಅದು ಇತ್ತು.

ಮೊದಲ ವರ್ಷದಲ್ಲಿ ಉತ್ಸಾಹ ಎಷ್ಟಿತ್ತೆಂದರೆ, ಸಂಸ್ಥೆ 69 ವಿಷಯಗಳ ಕಾರ್ಯಕ್ರಮ ಪಟ್ಟಿಯನ್ನೇ ಒಪ್ಪಿಕೊಂಡುಬಿಟ್ಟಿತು. ಅಷ್ಟೊಂದು ವಿಷಯಗಳನ್ನು ಯಾರೂ ಆಳವಾಗಿ ತಿಳಿದಿರಲು ಸಾಧ್ಯವಿಲ್ಲ. ಮುಂದಿನ ದಶಕಗಳಲ್ಲಿ ಪಟ್ಟಿ ಚಿಕ್ಕದಾಗುತ್ತ, ಮೊದಲು ಅಧ್ಯಯನ, ಆಮೇಲೆ ಮಾತು ಎಂಬ ಪದ್ಧತಿ ಗಟ್ಟಿಯಾಯಿತು. ನಾನು ವಾಷಿಂಗ್ಟನ್ನಿನಲ್ಲಿ ಕಂಡದ್ದು ಆ ಪದ್ಧತಿಯ ಇಂದಿನ ರೂಪವನ್ನು.

ನಮ್ಮ ನೆಲದಲ್ಲಿ ಇದಕ್ಕೆ ಸಮಾನವಾದದ್ದು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅಖಿಲ ಭಾರತ ಮಹಿಳಾ ಸಮ್ಮೇಳನ 1927ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಅದರ ಸಂಘಟನೆಯಲ್ಲಿ ಮುಂದೆ ನಿಂತವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. ಅದರ ಹಿಂದಿನ ವರ್ಷವಷ್ಟೇ ಅವರು ಮದರಾಸು ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಕೆಲವೇ ಮತಗಳ ಅಂತರದಲ್ಲಿ ಸೋತಿದ್ದರು. ಶಿಕ್ಷಣ ಸುಧಾರಣೆಗೆಂದು ಸೇರಿದ ಆ ಸಮ್ಮೇಳನ 1928ರಲ್ಲಿ ದೆಹಲಿಯಲ್ಲಿ ಮತ್ತೆ ಸೇರಿತು, ಬಾಲ್ಯವಿವಾಹ ತಡೆಯುವ ಮಸೂದೆಯ ಪರವಾಗಿ ದನಿ ಎತ್ತಿತು. ಆ ಕತೆ ಇನ್ನೊಂದು ಉಪನ್ಯಾಸಕ್ಕೆ ಸಾಕಾಗುವಷ್ಟು ದೊಡ್ಡದು, ಇಲ್ಲಿಗೆ ಬಿಡುತ್ತೇನೆ.

ಲೀಗಿನ ರಾಷ್ಟ್ರೀಯ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷಗಳಲ್ಲಿ, ಸಾಮಾನ್ಯವಾಗಿ ಜೂನ್ ತಿಂಗಳ ಆಸುಪಾಸಿನಲ್ಲಿ ನಡೆಯುತ್ತದೆ. ಊರು ಬದಲಾಗುತ್ತಿರುತ್ತದೆ. 2014ರಲ್ಲಿ ಡಲ್ಲಾಸ್, 2016ರಲ್ಲಿ ವಾಷಿಂಗ್ಟನ್, 2018ರಲ್ಲಿ ಷಿಕಾಗೊ. ಆದರೆ ಅಧಿವೇಶನದ ನಿಜವಾದ ಆರಂಭ ಆ ಊರುಗಳಲ್ಲಿ ಆಗುವುದಿಲ್ಲ. ಅದು ಹಿಂದಿನ ಚಳಿಗಾಲದಲ್ಲಿ, ಹಿಮ ಬಿದ್ದು ರಸ್ತೆಗಳು ಜಾರುವ ದಿನಗಳಲ್ಲಿ, ಯಾರದೋ ಮನೆಯ ನಡುಮನೆಯಲ್ಲೋ ಊರಿನ ಗ್ರಂಥಾಲಯದ ಕೊಠಡಿಯಲ್ಲೋ ಹತ್ತು ಹನ್ನೆರಡು ಜನ ಕುಳಿತು, ಮುಂದಿನ ಎರಡು ವರ್ಷ ನಮ್ಮ ಸಂಸ್ಥೆ ಯಾವ ವಿಷಯಕ್ಕೆ ಗಮನ ಕೊಡಬೇಕು ಎಂದು ಚರ್ಚಿಸುವಲ್ಲಿ ಆರಂಭವಾಗುತ್ತದೆ. ಹಳೆಯ ನಿಲುವುಗಳನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ, ಹೊಸ ಅಧ್ಯಯನ ಬೇಕೇ ಎಂಬ ಪ್ರಶ್ನೆಗಳಿಗೆ ಘಟಕವು ಬರಹದಲ್ಲಿ ಉತ್ತರ ಕಳುಹಿಸಬೇಕು. ದೇಶದ ಏಳುನೂರಕ್ಕೂ ಹೆಚ್ಚು ಸ್ಥಳೀಯ ಮತ್ತು ರಾಜ್ಯ ಘಟಕಗಳಿಂದ ಬಂದ ಉತ್ತರಗಳನ್ನು ನೋಡಿ ರಾಷ್ಟ್ರೀಯ ಮಂಡಳಿ ಒಂದು ಶಿಫಾರಸು ಸಿದ್ಧಪಡಿಸುತ್ತದೆ. ಮಂಡಳಿ ಕೈಬಿಟ್ಟ ವಿಷಯವನ್ನೂ ಅಧಿವೇಶನದಲ್ಲಿ ಎತ್ತಬಹುದು, ಆದರೆ ಆಗ ಅದನ್ನು ಗೆಲ್ಲಿಸಲು ಹೆಚ್ಚಿನ ಶ್ರಮ ಬೇಕು.

ನಮ್ಮ ಘಟಕದ ಅಂಥ ಚಳಿಗಾಲದ ಸಭೆಯೊಂದರಲ್ಲಿ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ, ಒಬ್ಬ ರೈತನ ಹೆಂಡತಿ, ಇಬ್ಬರು ವಕೀಲರು, ಒಬ್ಬ ದಾದಿ ಇದ್ದರು, ನಾನೂ ಇದ್ದೆ. ನಾನು ಆ ದೇಶದ ಪೌರಳಾದ ದಿನ, ಪ್ರಮಾಣವಚನ ಮುಗಿಸಿ ನ್ಯಾಯಾಲಯದ ಸಭಾಂಗಣದಿಂದ ಹೊರಬರುವಾಗ ಬಾಗಿಲಿನಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದವರು, ಮತದಾರರ ನೋಂದಣಿಯ ಅರ್ಜಿಯನ್ನು ನನ್ನ ಕೈಗೆ ಕೊಟ್ಟವರು ಲೀಗಿನ ಕಾರ್ಯಕರ್ತೆಯರೇ. ನಮ್ಮಲ್ಲಿ ಮತಗಟ್ಟೆ ಅಧಿಕಾರಿ ಮನೆಬಾಗಿಲಿಗೆ ಬಂದು ಹೆಸರು ಪರಿಶೀಲಿಸುತ್ತಾರೆ. ಅಲ್ಲಿ ಹೆಸರು ಸೇರಿಸಿಕೊಳ್ಳುವ ಹೊಣೆ ಮುಖ್ಯವಾಗಿ ಪ್ರಜೆಯದೇ, ಚುನಾವಣೆ ನಡೆಸುವುದೂ ರಾಜ್ಯ ಮತ್ತು ಕೌಂಟಿಗಳ ಮಟ್ಟದಲ್ಲಿ, ನಮ್ಮ ಚುನಾವಣಾ ಆಯೋಗದಂಥ ದೇಶವ್ಯಾಪಿ ಅಧಿಕಾರವುಳ್ಳ ಸಂಸ್ಥೆಯೇ ಇಲ್ಲ. ಆ ತೆರಪನ್ನು ತುಂಬುವ ಕೆಲಸದಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಇಷ್ಟೊಂದು ಜಾಗ ಸಿಕ್ಕಿರುವುದಕ್ಕೆ ಇದೂ ಒಂದು ಕಾರಣ.

ವಾಷಿಂಗ್ಟನ್ ನಗರದ ಬಗ್ಗೆ ಒಂದು ಮಾತು ಹೇಳಲೇಬೇಕು. ಮತದಾನದ ಹಕ್ಕನ್ನೇ ಉಸಿರಾಗಿಸಿಕೊಂಡ ಸಂಸ್ಥೆಯೊಂದು ಸಭೆ ಸೇರುವ ಆ ರಾಜಧಾನಿಯಲ್ಲಿ ವಾಸಿಸುವ ಜನರಿಗೆ ಅಮೆರಿಕದ ಸಂಸತ್ತಿನಲ್ಲಿ ಮತ ಚಲಾಯಿಸುವ ಒಬ್ಬ ಪ್ರತಿನಿಧಿಯೂ ಇಲ್ಲ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 6,89,545. ವಯೋಮಿಂಗ್ ರಾಜ್ಯದಲ್ಲಿ ಇರುವುದು 5,76,851 ಜನ, ಆದರೂ ಅವರಿಗೆ ಇಬ್ಬರು ಸೆನೆಟರುಗಳು, ಒಬ್ಬ ಪ್ರತಿನಿಧಿ. ರಾಜಧಾನಿಯ ಜನ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕನ್ನು ಪಡೆದದ್ದೇ 1961ರ 23ನೇ ತಿದ್ದುಪಡಿಯಿಂದ. ಅವರು ಆರಿಸುವ ಒಬ್ಬ ಪ್ರತಿನಿಧಿ ಕೆಳಮನೆಯಲ್ಲಿ ಕುಳಿತುಕೊಳ್ಳಬಹುದು, ಮಾತನಾಡಬಹುದು, ಮಸೂದೆಯ ಅಂತಿಮ ಮತದಾನದಲ್ಲಿ ಮಾತ್ರ ಕೈ ಎತ್ತುವಂತಿಲ್ಲ. 2000ನೇ ಇಸವಿಯಿಂದ ಅಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ ಈ ಅಳಲು ಅಚ್ಚಾಗಿರುತ್ತದೆ: ಪ್ರಾತಿನಿಧ್ಯವಿಲ್ಲದೆ ತೆರಿಗೆ. ನಮ್ಮ ದೆಹಲಿಯ ಅಧಿಕಾರದ ಬಗ್ಗೆ ಎಷ್ಟೇ ಜಗಳವಿದ್ದರೂ ಲೋಕಸಭೆಗೆ ಅಲ್ಲಿಂದ ಏಳು ಸದಸ್ಯರು ಹೋಗುತ್ತಾರೆ ಎಂಬುದನ್ನು ನಾನು ಅಲ್ಲಿನ ಒಬ್ಬ ಟ್ಯಾಕ್ಸಿ ಚಾಲಕನಿಗೆ ಹೇಳಿದಾಗ, ಆತ ಕನ್ನಡಿಯಲ್ಲಿ ನನ್ನನ್ನು ನೋಡಿ, ಹಾಗಾದರೆ ನೀವೇಕೆ ಇಲ್ಲಿಗೆ ಬಂದಿರಿ ಎಂದು ಕೇಳಿದ.

ಈಗ ಸಭಾಂಗಣದೊಳಕ್ಕೆ ಹೋಗೋಣ. ದೊಡ್ಡ ಹೋಟೆಲೊಂದರ ವಿಶಾಲವಾದ ಹಾಲು, ರಾಜ್ಯವಾರು ಸಾಲುಗಳಲ್ಲಿ ಕುಳಿತ ನೂರಾರು ಪ್ರತಿನಿಧಿಗಳು, ಹಿಂದೆ ಮತದಾನದ ಹಕ್ಕಿಲ್ಲದ ವೀಕ್ಷಕರು. ವೇದಿಕೆಯ ಮೇಲೆ ರಾಷ್ಟ್ರೀಯ ಅಧ್ಯಕ್ಷೆ, ಅವರ ಪಕ್ಕದಲ್ಲಿ ಸಭಾ ನಡಾವಳಿಯ ನಿಯಮಗಳನ್ನೇ ವೃತ್ತಿಯಾಗಿಸಿಕೊಂಡ ಒಬ್ಬ ತಜ್ಞೆ. ಅಲ್ಲಿ ಹಾರ ಹಾಕುವ, ಶಾಲು ಹೊದಿಸುವ, ಗಣ್ಯರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆಯುವ ಪರಿಪಾಠವಿಲ್ಲ. ಮೊದಲ ವರದಿಯೇ ಪ್ರತಿನಿಧಿಗಳ ಅರ್ಹತೆ ಪರಿಶೀಲಿಸುವ ಸಮಿತಿಯದು: ಇಷ್ಟು ಜನ ನೋಂದಾಯಿಸಿದ್ದಾರೆ, ಇಷ್ಟು ಜನ ಮತ ಹಾಕಬಹುದು, ಕೋರಂ ಇದೆ. ಎರಡನೆಯದು ಈ ಅಧಿವೇಶನದ ಮಟ್ಟಿಗೆ ಪಾಲಿಸಬೇಕಾದ ನಿಯಮಗಳ ಅಂಗೀಕಾರ. ಆ ನಿಯಮಗಳ ಮೇಲೆಯೇ ಚರ್ಚೆ ಆರಂಭವಾಗಿ ಮುಗಿಯುವ ಹೊತ್ತಿಗೆ, ಇದು ಬೇಸರದ ಕೆಲಸ ಎಂದು ನನ್ನ ಮನಸ್ಸು ಸ್ಪಷ್ಟವಾಗಿ ಹೇಳಿತು ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಆ ಬೇಸರದ ಹಿಂದೆ ಒಬ್ಬ ಸೇನಾ ಎಂಜಿನಿಯರ್ ಇದ್ದಾನೆ. ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬಾತ 1863ರಲ್ಲಿ ಮ್ಯಾಸಚೂಸೆಟ್ಸಿನ ನ್ಯೂ ಬೆಡ್‌ಫರ್ಡ್ ಊರಿನಲ್ಲಿ ಸಭೆಯೊಂದರ ಅಧ್ಯಕ್ಷತೆ ವಹಿಸಬೇಕಾಗಿ ಬಂದಾಗ, ಸಭೆ ನಡೆಸುವುದು ಹೇಗೆಂದು ತಿಳಿಯದೆ ಅದು ಗೊಂದಲದಲ್ಲಿ ಮುಗಿಯಿತಂತೆ. ಇನ್ನೆಂದೂ ಅಂಥ ಪೇಚಿಗೆ ಸಿಲುಕಬಾರದೆಂದು ಶಾಸನಸಭೆಗಳ ನಿಯಮಗಳನ್ನು ಓದಿ, ಸಾಮಾನ್ಯ ಸಂಘಗಳಿಗೆ ಹೊಂದುವಂತೆ ಒಂದು ಕೈಪಿಡಿ ಬರೆದು 1876ರಲ್ಲಿ ಪ್ರಕಟಿಸಿದ. ಅಮೆರಿಕದ ಚರ್ಚು, ಕಾರ್ಮಿಕ ಸಂಘ, ಶಾಲಾ ಮಂಡಳಿ, ಕೊನೆಗೆ ಬಡಾವಣೆಯ ನಿವಾಸಿಗಳ ಸಂಘ ಕೂಡ ಇಂದಿಗೂ ಅದನ್ನೇ ಅನುಸರಿಸುತ್ತವೆ. ಸೂಚಕರು ಯಾರು, ಅನುಮೋದಕರು ಯಾರು, ತಿದ್ದುಪಡಿ ಮೊದಲೋ ಮೂಲ ಗೊತ್ತುವಳಿ ಮೊದಲೋ, ಕ್ರಿಯಾಲೋಪ ಎತ್ತುವುದು ಯಾವಾಗ ಎಂಬುದೆಲ್ಲ ಅದರಲ್ಲಿದೆ. ನಮ್ಮ ವಿಧಾನಮಂಡಲದ ಕಲಾಪವನ್ನು ಗಮನವಿಟ್ಟು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಹೊಸದೆನಿಸುವುದು, ಮನೆವಾರ್ತೆ ನೋಡಿಕೊಳ್ಳುವ ಒಬ್ಬ ಹೆಂಗಸು ಆ ನಿಯಮಗಳನ್ನು ಶಾಸಕರಿಗಿಂತ ಚೆನ್ನಾಗಿ ಬಲ್ಲಳು ಎಂಬುದು.

ನಾನು ಕುಳಿತು ನೋಡಿದ ಒಂದು ಚರ್ಚೆಯನ್ನು ಹತ್ತಿರದಿಂದ ವಿವರಿಸುತ್ತೇನೆ. ವಿಷಯ ಕ್ಷೇತ್ರ ಪುನರ್ವಿಂಗಡಣೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಅಮೆರಿಕದ ಚುನಾವಣಾ ಕ್ಷೇತ್ರಗಳ ಗಡಿಗಳನ್ನು ಮತ್ತೆ ಬರೆಯುತ್ತಾರೆ. ಹೆಚ್ಚಿನ ರಾಜ್ಯಗಳಲ್ಲಿ ಬರೆಯುವವರು ಅದೇ ರಾಜ್ಯದ ಶಾಸಕರು, ಅಂದರೆ ಬಹುಮತದಲ್ಲಿರುವ ಪಕ್ಷ. ವಿರೋಧಿ ಮತದಾರರನ್ನೆಲ್ಲ ಒಂದೇ ಕ್ಷೇತ್ರದಲ್ಲಿ ತುಂಬುವುದು ಅಥವಾ ಹಲವು ಕ್ಷೇತ್ರಗಳಿಗೆ ಹಂಚಿ ಚೆದುರಿಸುವುದು ಹಳೆಯ ಚಾಳಿ. 1812ರಲ್ಲಿ ಮ್ಯಾಸಚೂಸೆಟ್ಸಿನ ಗವರ್ನರ್ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿನ ಕ್ಷೇತ್ರವೊಂದು ಹಲ್ಲಿಯಂಥ ಪ್ರಾಣಿಯ ಆಕಾರದಲ್ಲಿದ್ದುದರಿಂದ ಅಂದಿನ ಪತ್ರಿಕೆಗಳು ಇದಕ್ಕೆ ಆತನ ಹೆಸರನ್ನೇ ಅಂಟಿಸಿದವು, ಅದು ಇಂದಿಗೂ ಉಳಿದಿದೆ. ನಮ್ಮಲ್ಲಿ ಈ ಕೆಲಸವನ್ನು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದವರ ನೇತೃತ್ವದ ಆಯೋಗ ಮಾಡುತ್ತದೆ. ಸಂಸದರು, ಶಾಸಕರು ಅದರಲ್ಲಿ ಸಹ ಸದಸ್ಯರಾಗಿ ಕೂರಬಹುದು, ಮತ ಹಾಕುವಂತಿಲ್ಲ. ಹಾಗೆ ಮಾಡಿದ ಪುನರ್ವಿಂಗಡಣೆಯ ನಂತರ ಹೊಸ ಕ್ಷೇತ್ರಗಳಲ್ಲಿ ಮೊದಲು ವಿಧಾನಸಭಾ ಚುನಾವಣೆ ಎದುರಿಸಿದ ರಾಜ್ಯ 2008ರಲ್ಲಿ ನಮ್ಮ ಕರ್ನಾಟಕವೇ.

ಲೀಗಿನ ಹಲವು ರಾಜ್ಯ ಘಟಕಗಳು ಈ ವಿಷಯವನ್ನು ದಶಕಗಳಿಂದ ಅಧ್ಯಯನ ಮಾಡಿದ್ದವು. ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಜನಮತದ ಮೂಲಕ ಸ್ವತಂತ್ರ ನಾಗರಿಕ ಆಯೋಗ ರಚನೆಯಾದಾಗ ಅಲ್ಲಿನ ಘಟಕ ಅದರ ಪರವಾಗಿ ನಿಂತಿತ್ತು. ಅರಿಝೋನದ ಮತದಾರರು 2000ದಲ್ಲಿ ರಚಿಸಿಕೊಂಡ ಆಯೋಗವನ್ನು ಅಲ್ಲಿನ ಶಾಸನಸಭೆ ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 2015ರಲ್ಲಿ ಆಯೋಗದ ಪರವಾಗಿ ತೀರ್ಪು ಕೊಟ್ಟಿತ್ತು. ಅದೇ ವರ್ಷ ನಮ್ಮ ಒಹಾಯೊದಲ್ಲಿ ರಾಜ್ಯ ಶಾಸನಸಭೆಯ ಕ್ಷೇತ್ರಗಳಿಗೆ ಸಂಬಂಧಿಸಿದ ಸುಧಾರಣೆಗೆ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮತದಾರರು ಒಪ್ಪಿಗೆ ಕೊಟ್ಟಿದ್ದರು. ಆದರೆ ರಾಷ್ಟ್ರ ಮಟ್ಟದಲ್ಲಿ ಲೀಗಿಗೆ ಈ ಬಗ್ಗೆ ಒಂದು ಸಮಗ್ರ ನಿಲುವು ಇರಲಿಲ್ಲ. ಇಲ್ಲದಿದ್ದರೆ ಅದರ ಅಧ್ಯಕ್ಷೆಯೂ ಈ ಬಗ್ಗೆ ಸಂಸ್ಥೆಯ ಹೆಸರಿನಲ್ಲಿ ಬಾಯಿ ಬಿಡುವಂತಿಲ್ಲ. ರಾಜ್ಯ ಘಟಕಗಳ ನಿಲುವುಗಳನ್ನು ಆಧರಿಸಿ ಸಿದ್ಧಪಡಿಸಿದ ಕರಡೊಂದು ಸಭೆಯ ಮುಂದೆ ಬಂದಿತ್ತು. ಕ್ಷೇತ್ರ ಬರೆಯುವ ಕೆಲಸ ಸ್ವತಂತ್ರ ಆಯೋಗಕ್ಕೆ ಸೇರಬೇಕು, ಕ್ಷೇತ್ರಗಳ ಜನಸಂಖ್ಯೆ ಸಮವಾಗಿರಬೇಕು, ಜನಾಂಗೀಯ ಮತ್ತು ಭಾಷಿಕ ಅಲ್ಪಸಂಖ್ಯಾತರಿಗೆ ಪರಿಣಾಮಕಾರಿ ಪ್ರಾತಿನಿಧ್ಯ ಸಿಗಬೇಕು, ಹಾಲಿ ಸದಸ್ಯರನ್ನು ಅಥವಾ ಒಂದು ಪಕ್ಷವನ್ನು ಕಾಪಾಡಲು ಗಡಿ ಬರೆಯಬಾರದು ಎಂಬುದು ಅದರ ಸಾರ.

ಹೀಗೆ ಈಗಾಗಲೇ ಸಿದ್ಧವಾಗಿರುವ ನಿಲುವಿಗೆ ಸಮ್ಮತಿ ಸೂಚಿಸುವಾಗ ಒಂದು ಬಿಗಿ ನಿಯಮವಿದೆ. ಒಪ್ಪಬಹುದು, ತಿರಸ್ಕರಿಸಬಹುದು, ಒಂದು ಪದವನ್ನೂ ಬದಲಿಸುವಂತಿಲ್ಲ. ಅಲ್ಪವಿರಾಮವೊಂದನ್ನು ಸರಿಸಬೇಕೆಂದು ತೀವ್ರವಾಗಿ ಬಯಸುತ್ತಿದ್ದ ಒಬ್ಬ ನಿವೃತ್ತ ಪ್ರಾಧ್ಯಾಪಕಿ ನನ್ನ ಹಿಂದಿನ ಸಾಲಿನಲ್ಲಿದ್ದರು, ಅವರ ಸಂಕಟ ನೋಡುವಂತಿತ್ತು. ಹಾಲಿನ ನಡುದಾರಿಗಳಲ್ಲಿ ಮೈಕುಗಳನ್ನು ನಿಲ್ಲಿಸಿದ್ದರು. ಪರವಾಗಿ ಮಾತನಾಡುವವರು ಒಂದರ ಹಿಂದೆ, ವಿರೋಧಿಸುವವರು ಇನ್ನೊಂದರ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಪರದವರು ಒಬ್ಬರು, ವಿರೋಧದವರು ಒಬ್ಬರು, ಹೀಗೆ ಸರದಿ. ಸಮಯ ಮುಗಿದರೆ ಎಷ್ಟೇ ಹಿರಿಯರಾದರೂ ವಾಕ್ಯದ ನಡುವೆಯೇ ನಿಲ್ಲಿಸಬೇಕು.

ವಿರೋಧದ ಸಾಲಿನಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಮಹಿಳೆ ಕೈಯಲ್ಲಿ ಟೈಪು ಮಾಡಿದ ಚಿಕ್ಕ ಕಾರ್ಡು ಹಿಡಿದು ನಿಂತಿದ್ದರು. ಕರಡಿನಲ್ಲಿರುವುದಕ್ಕೆಲ್ಲ ತಮ್ಮ ಒಪ್ಪಿಗೆಯಿದೆ ಎಂದೇ ಮಾತು ಆರಂಭಿಸಿ, ಆದರೂ ತಾವು ವಿರುದ್ಧವಾಗಿ ಮತ ಹಾಕುವುದಾಗಿ ಹೇಳಿದರು. ತಮ್ಮ ಊರಿನ ಘಟಕದ ಸದಸ್ಯರು ಈ ವಿಷಯವನ್ನು ಕುಳಿತು ಓದಿಲ್ಲ, ಚರ್ಚಿಸಿಲ್ಲ, ಓದದ ವಿಷಯದ ಬಗ್ಗೆ ಅವರ ಹೆಸರಿನಲ್ಲಿ ಕೈ ಎತ್ತಲು ತಮಗೆ ಅಧಿಕಾರವಿಲ್ಲ ಎಂಬುದು ಅವರ ವಾದ. ಎದುರಿನ ಮೈಕಿನಿಂದ ಬಂದ ಉತ್ತರವೂ ಅಷ್ಟೇ ತೂಕದ್ದಾಗಿತ್ತು: ಹಲವು ರಾಜ್ಯಗಳ ಸದಸ್ಯರು ವರ್ಷಗಟ್ಟಲೆ ಓದಿದ್ದನ್ನೇ ಈಗ ಒಟ್ಟುಗೂಡಿಸಲಾಗಿದೆ, ಹೊಸದಾಗಿ ರಾಷ್ಟ್ರೀಯ ಅಧ್ಯಯನ ಆರಂಭಿಸಿ ಅದು ಮುಗಿಯುವ ವೇಳೆಗೆ 2020ರ ಜನಗಣತಿ ಎದುರಿಗೆ ಬಂದು ನಿಂತಿರುತ್ತದೆ, ನಕ್ಷೆ ಬರೆಯುವವರು ನಮಗಾಗಿ ಕಾಯುವುದಿಲ್ಲ. ಚರ್ಚೆ ಮುಗಿದು ಮತಕ್ಕೆ ಹಾಕಿದಾಗ ನಿಲುವು ಅಂಗೀಕಾರವಾಯಿತು. ನಾನು ಪರವಾಗಿ ಮತ ಹಾಕಿದೆ. ಆದರೂ ಆ ವೃದ್ಧೆಯ ವಾದ ತಪ್ಪೆಂದು ನನಗೆ ಇಂದಿಗೂ ಅನಿಸುವುದಿಲ್ಲ. ನಾನು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಉತ್ತರ ಇರುವುದು ಅವರು ನೆನಪಿಸಿದ ಆ ಮಿತಿಯಲ್ಲೇ. ಸದಸ್ಯರು ಒಪ್ಪಿದಷ್ಟನ್ನು ಮಾತ್ರ ಮಾತನಾಡುವ ಸಂಸ್ಥೆ ಮಾತನಾಡಿದಾಗ, ಕೇಳುವವರಿಗೆ ಅದು ಒಬ್ಬ ಮುಖಂಡನ ಹೇಳಿಕೆಯಲ್ಲವೆಂದು ತಿಳಿದಿರುತ್ತದೆ.

ನಮ್ಮ ಕಡೆಯ ಸಮ್ಮೇಳನಗಳನ್ನು ನೆನಪಿಸಿಕೊಳ್ಳಿ. ಉದ್ಘಾಟನೆ ಒಂದು ಗಂಟೆ ತಡ, ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಸಚಿವರು ಬಂದು ಬೇರೆ ಕಾರ್ಯಕ್ರಮವಿದೆಯೆಂದು ಎದ್ದು ಹೋಗುವುದು, ಮೂರು ದಿನಗಳ ಕೊನೆಗೆ ಪೆಂಡಾಲಿನ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿರುವಾಗ ಯಾರೋ ಒಬ್ಬರು ಹತ್ತು ಹನ್ನೆರಡು ಗೊತ್ತುವಳಿಗಳನ್ನು ಓದುವುದು, ಉಳಿದವರು ಚಪ್ಪಾಳೆ ತಟ್ಟುವುದು. ಗೊತ್ತುವಳಿಯ ವಿರುದ್ಧ ಮಾತನಾಡಲು ಒಂದು ಮೈಕನ್ನು ಮೀಸಲಿಟ್ಟ ಸಮ್ಮೇಳನವನ್ನು ನಾನಂತೂ ಇಲ್ಲಿ ನೋಡಿಲ್ಲ. ಹಾಗೆಂದು ಅಲ್ಲಿನದೆಲ್ಲ ಮೇಲು ಎಂದು ಹೇಳಲಾರೆ. ಊಟದ ವಿಷಯದಲ್ಲಿ ನಾವೇ ಗೆದ್ದವರು. ತಣ್ಣಗಿನ ಬ್ರೆಡ್ಡು, ಅದರೊಳಗೆ ಎರಡು ಎಲೆ, ಪಕ್ಕದಲ್ಲಿ ಒಂದು ಸೇಬು ಇಟ್ಟ ರಟ್ಟಿನ ಡಬ್ಬಿಯನ್ನು ಊಟವೆಂದು ಕೊಡುವ ಅಧಿವೇಶನಕ್ಕೆ ನಮ್ಮ ಸಮ್ಮೇಳನಗಳ ಅಡುಗೆ ಸಮಿತಿಯವರನ್ನು ಒಮ್ಮೆ ಕಳುಹಿಸಬೇಕು.

ರಾಜಧಾನಿಯಲ್ಲಿ ಅಧಿವೇಶನ ನಡೆಯುವುದರ ಒಂದು ಅನುಕೂಲವೆಂದರೆ ಸಂಸದರ ಕಚೇರಿಗಳು ಹತ್ತಿರದಲ್ಲೇ ಇರುವುದು. ನಾವು ಕೆಲವರು ನಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಮುಂಚಿತವಾಗಿ ಸಮಯ ಪಡೆದು ಹೋದೆವು. ಕೆಳಮನೆಯ ಸದಸ್ಯರ ಕಚೇರಿಗಳು ಕ್ಯಾನನ್, ಲಾಂಗ್‌ವರ್ತ್, ರೇಬರ್ನ್ ಎಂಬ ಹಳೆಯ ಅಧ್ಯಕ್ಷರ, ಅಂದರೆ ಸ್ಪೀಕರುಗಳ ಹೆಸರಿನ ಕಟ್ಟಡಗಳಲ್ಲಿವೆ. ಬಾಗಿಲಲ್ಲಿ ಚೀಲವನ್ನು ಯಂತ್ರದಲ್ಲಿ ಹಾಯಿಸಿ ನೋಡುತ್ತಾರೆ, ಅಷ್ಟೇ. ಪಾಸು ಬೇಡ, ಶಿಫಾರಸು ಪತ್ರ ಬೇಡ. ಒಳಗೆ ನಮ್ಮನ್ನು ಎದುರುಗೊಂಡದ್ದು ಇಪ್ಪತ್ತೈದರ ಆಸುಪಾಸಿನ ಒಬ್ಬ ಯುವ ಸಹಾಯಕಿ. ಸದಸ್ಯರೇ ಸಿಗಲಿಲ್ಲವೆಂದು ನನ್ನ ಮುಖ ಬಾಡಿದ್ದನ್ನು ಕಂಡು ಜೊತೆಗಿದ್ದ ಹಿರಿಯ ಸದಸ್ಯೆ, ಮಸೂದೆಯನ್ನು ಓದಿ ಟಿಪ್ಪಣಿ ಬರೆಯುವುದು ಈ ಹುಡುಗಿಯೇ, ಇವಳಿಗೆ ಅರ್ಥವಾದರೆ ಸಾಕು ಎಂದು ಪಿಸುಗುಟ್ಟಿದರು. 1965ರ ಮತದಾನ ಹಕ್ಕುಗಳ ಕಾಯ್ದೆಯ ಒಂದು ಮುಖ್ಯ ಭಾಗವನ್ನು ಸುಪ್ರೀಂ ಕೋರ್ಟು 2013ರಲ್ಲಿ ನಿಷ್ಕ್ರಿಯಗೊಳಿಸಿತ್ತು. ಅದನ್ನು ಮತ್ತೆ ಜಾರಿಗೆ ತರುವ ಮಸೂದೆಯನ್ನು ಬೆಂಬಲಿಸಬೇಕೆಂಬುದು ನಮ್ಮ ಕೋರಿಕೆ. ಆಕೆ ಬರೆದುಕೊಂಡಳು, ಕ್ಷೇತ್ರದಿಂದ ಎಷ್ಟು ಜನ ಬಂದಿದ್ದೀರಿ, ಯಾವ ಊರುಗಳವರು ಎಂದು ಕೇಳಿ ಅದನ್ನೂ ಬರೆದುಕೊಂಡಳು. ಮಸೂದೆ ಮುಂದೆ ಹೋಗಲಿಲ್ಲ.

ಅದೇ ದಿನಗಳಲ್ಲಿ ಅದೇ ನಗರದ ನ್ಯಾಯಾಲಯದಲ್ಲಿ ಲೀಗ್ ಹೂಡಿದ್ದ ಒಂದು ಮೊಕದ್ದಮೆಯೂ ನಡೆಯುತ್ತಿತ್ತು. ಮತದಾರರ ನೋಂದಣಿಯ ಕೇಂದ್ರೀಯ ಅರ್ಜಿಯಲ್ಲಿ, ನಾನು ಈ ದೇಶದ ಪೌರ ಎಂದು ಪ್ರಮಾಣ ಮಾಡಿ ಸಹಿ ಹಾಕಿದರೆ ಸಾಕು, ಸುಳ್ಳು ಹೇಳಿದರೆ ಶಿಕ್ಷೆ. 2016ರ ಜನವರಿಯಲ್ಲಿ, ಆ ಅರ್ಜಿಯನ್ನು ನೋಡಿಕೊಳ್ಳುವ ಚುನಾವಣಾ ಸಹಾಯ ಆಯೋಗದ ಕಾರ್ಯನಿರ್ವಾಹಕ ನಿರ್ದೇಶಕರು ಕ್ಯಾನ್ಸಸ್, ಅಲಬಾಮಾ, ಜಾರ್ಜಿಯಾ ರಾಜ್ಯಗಳಲ್ಲಿ ಪೌರತ್ವದ ದಾಖಲೆಯನ್ನೂ ಲಗತ್ತಿಸಬೇಕೆಂಬ ಬದಲಾವಣೆಗೆ ಅನುಮತಿ ಕೊಟ್ಟರು. ಜನನ ಪ್ರಮಾಣಪತ್ರ ಜೇಬಿನಲ್ಲಿಟ್ಟುಕೊಂಡು ಓಡಾಡುವವರು ಯಾರೂ ಇಲ್ಲ, ಬೀದಿಬದಿಯ ಮೇಜಿನಲ್ಲಿ ಹೆಸರು ನೋಂದಾಯಿಸುವ ಕೆಲಸವೇ ಇದರಿಂದ ನಿಂತುಹೋಗುತ್ತದೆ ಎಂಬುದು ಲೀಗಿನ ವಾದ. ಅಧಿವೇಶನ ಮುಗಿದ ಕೆಲವೇ ದಿನಗಳಲ್ಲಿ ಕೆಳ ನ್ಯಾಯಾಲಯ ತಡೆಯಾಜ್ಞೆ ನಿರಾಕರಿಸಿತು, ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಆಧಾರ್, ಪಡಿತರ ಚೀಟಿ, ಮತದಾರರ ಗುರುತಿನ ಚೀಟಿಗಳ ನಡುವೆ ಬದುಕುವ ನಮಗೆ ಈ ಜಗಳ ವಿಚಿತ್ರವೆನಿಸಬಹುದು. ಯಾವ ದಾಖಲೆ ಯಾರ ಬಳಿ ಇರುವುದಿಲ್ಲ ಎಂಬ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ.

ಸಂಸ್ಥೆಯನ್ನು ಹೊಗಳಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಮಹಿಳಾ ಮತದಾನದ ಹೋರಾಟದ ನಾಯಕಿಯರಲ್ಲಿ ಬಹುಪಾಲು ಬಿಳಿಯರು, ಕಪ್ಪು ಮಹಿಳೆಯರನ್ನು ಅವರು ಹಲವು ಸಲ ಹೊರಗಿಟ್ಟರು. 1913ರ ಮಾರ್ಚ್ 3ರಂದು ಇದೇ ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ ನಡೆದ ಪ್ರಸಿದ್ಧ ಮೆರವಣಿಗೆಯಲ್ಲಿ ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರಿಗೆ ತಮ್ಮ ರಾಜ್ಯದವರ ಜೊತೆ ನಡೆಯಬೇಡಿ, ಹಿಂದೆ ಪ್ರತ್ಯೇಕವಾಗಿ ನಡೆಯಿರಿ ಎಂದು ಹೇಳಲಾಗಿತ್ತು. ಅವರು ಒಪ್ಪದೆ, ಇಲಿನಾಯ್ ರಾಜ್ಯದ ತಂಡ ಬಂದಾಗ ಜನರ ನಡುವಿನಿಂದ ಬಂದು ಅದನ್ನು ಸೇರಿಕೊಂಡರು. ಈ ಪರಂಪರೆಯಿಂದ ಹುಟ್ಟಿದ ಲೀಗ್, ಜನಾಂಗದ ವಿಷಯದಲ್ಲಿ ತಾನೂ ಹಿಂದೆ ಬಿದ್ದಿದ್ದೆನೆಂದು 2018ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. 2016ರ ಆ ಸಭಾಂಗಣದಲ್ಲೂ ಸುತ್ತ ನೋಡಿದಾಗ ನೆರೆತ ಕೂದಲು, ಬಿಳಿ ಚರ್ಮ ಎದ್ದು ಕಾಣುತ್ತಿದ್ದವು. ಸೀರೆ ಉಟ್ಟಿದ್ದವಳು ನನ್ನ ಕಣ್ಣಿಗೆ ಬಿದ್ದಂತೆ ನಾನೊಬ್ಬಳೇ. ಕೆಲಸಕ್ಕೆ ರಜೆ ಸಿಗದ, ಪ್ರಯಾಣ ಮತ್ತು ಹೋಟೆಲಿನ ಖರ್ಚು ಭರಿಸಲಾಗದ ಯುವತಿಯರು ನಾಲ್ಕು ದಿನದ ಅಧಿವೇಶನಕ್ಕೆ ಬರುವುದು ಹೇಗೆ? ಕೆಲವು ಘಟಕಗಳು ತಮ್ಮ ಪ್ರತಿನಿಧಿಯ ಖರ್ಚು ಕೊಡುತ್ತವೆ, ಹಲವಕ್ಕೆ ಅದು ಸಾಧ್ಯವಾಗುವುದಿಲ್ಲ.

ಪಕ್ಷಾತೀತವಾಗಿರುವುದರ ಬೆಲೆಯನ್ನೂ ಸಂಸ್ಥೆ ತೆತ್ತಿದೆ. 1976, 1980 ಮತ್ತು 1984ರ ಅಧ್ಯಕ್ಷೀಯ ಚುನಾವಣಾ ಚರ್ಚೆಗಳನ್ನು ಟಿವಿಗೆ ಏರ್ಪಡಿಸಿದ್ದು ಲೀಗೇ. 1988ರಲ್ಲಿ ಪ್ರಶ್ನೆ ಕೇಳುವವರು ಯಾರು, ಸಭಾಂಗಣದಲ್ಲಿ ಕೂರುವವರು ಯಾರು ಎಂಬುದನ್ನೆಲ್ಲ ಎರಡೂ ಪಕ್ಷಗಳ ಪ್ರಚಾರ ತಂಡಗಳೇ ಗುಟ್ಟಾಗಿ ನಿರ್ಧರಿಸಿಕೊಂಡು ಬಂದಾಗ, ಮತದಾರರಿಗೆ ಮಾಡುವ ಈ ಮೋಸದಲ್ಲಿ ತಾನು ಭಾಗಿಯಾಗುವುದಿಲ್ಲವೆಂದು ಲೀಗ್ ಹಿಂದೆ ಸರಿಯಿತು. ಚರ್ಚೆಗಳು ಅದಿಲ್ಲದೆಯೇ ಮುಂದುವರಿದವು. ಇಂದಿನ ಅಮೆರಿಕದ ಬಹಳ ಮಂದಿಗೆ ಲೀಗಿನ ಹೆಸರೂ ಗೊತ್ತಿಲ್ಲದಿರುವುದಕ್ಕೆ ಆ ನಿರ್ಧಾರವೂ ಒಂದು ಕಾರಣವಿರಬಹುದು. ನನ್ನ ಮಟ್ಟಿಗೆ ಅದು ಅದರ ಚರಿತ್ರೆಯ ಅತ್ಯುತ್ತಮ ನಿರ್ಧಾರಗಳಲ್ಲೊಂದು.

ನಾವು ಅಂಗೀಕರಿಸಿದ ಪುನರ್ವಿಂಗಡಣೆಯ ನಿಲುವು ಮುಂದೇನಾಯಿತು? 2018ರ ಮೇ ತಿಂಗಳಲ್ಲಿ ಒಹಾಯೊದ ಮತದಾರರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಸಂಸತ್ತಿನ ಕ್ಷೇತ್ರಗಳ ಸುಧಾರಣೆಗೂ ಒಪ್ಪಿಗೆ ಕೊಟ್ಟರು. 2019ರಲ್ಲಿ ಸುಪ್ರೀಂ ಕೋರ್ಟು, ಪಕ್ಷದ ಲಾಭಕ್ಕಾಗಿ ಗಡಿ ತಿರುಚಿದ ದೂರುಗಳನ್ನು ಕೇಂದ್ರದ ನ್ಯಾಯಾಲಯಗಳು ವಿಚಾರಿಸುವಂತಿಲ್ಲವೆಂದು ಐದಕ್ಕೆ ನಾಲ್ಕರ ಬಹುಮತದಿಂದ ಹೇಳಿತು. ಆ ವಿವಾದದಲ್ಲಿ ಲೀಗಿನ ನಾರ್ತ್ ಕ್ಯಾರೊಲೈನಾ ಘಟಕವೂ ಒಬ್ಬ ವಾದಿ. ಆಮೇಲೆ ಹೋರಾಟ ರಾಜ್ಯಗಳ ನ್ಯಾಯಾಲಯಗಳಿಗೆ ಸರಿಯಿತು. ಒಹಾಯೊದಲ್ಲಿ ರಾಜಕಾರಣಿಗಳೇ ಕುಳಿತ ಆಯೋಗ ಬರೆದ ಶಾಸನಸಭಾ ನಕ್ಷೆಗಳನ್ನು ರಾಜ್ಯದ ಸುಪ್ರೀಂ ಕೋರ್ಟು 2022ರಲ್ಲಿ ಐದು ಸಲ ತಿರಸ್ಕರಿಸಿತು. ಆದರೂ ಆ ವರ್ಷದ ಚುನಾವಣೆ ತಿರಸ್ಕೃತ ನಕ್ಷೆಯೊಂದರ ಮೇಲೆಯೇ ನಡೆಯಿತು. ರಾಜಕಾರಣಿಗಳನ್ನು ಆಯೋಗದಿಂದ ಹೊರಗಿಡುವ ಪ್ರಸ್ತಾವವನ್ನು 2024ರ ನವೆಂಬರಿನಲ್ಲಿ ಜನಮತಕ್ಕೆ ಹಾಕಿದಾಗ ಅದು ಸೋತಿತು. ಮತಪತ್ರದಲ್ಲಿ ಅಚ್ಚಾದ ವಿವರಣೆಯೇ ಪ್ರಸ್ತಾವದ ಉದ್ದೇಶಕ್ಕೆ ತದ್ವಿರುದ್ಧವಾಗಿತ್ತೆಂದು ಅದರ ಬೆಂಬಲಿಗರು ನ್ಯಾಯಾಲಯದವರೆಗೂ ಹೋಗಿದ್ದರು.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ದಾಖಲಿಸುತ್ತೇನೆ. ಗಂಡಸರು ಲೀಗಿಗೆ ಸೇರಬಹುದೇ ಎಂದು ಒಬ್ಬರು ಕೇಳಿದರು. 1974ರಿಂದ ಪೂರ್ಣ ಸದಸ್ಯರಾಗಿ ಸೇರಬಹುದು, ನಮ್ಮ ಘಟಕದ ಖಜಾಂಚಿ ಗಂಡಸೇ.

ನಮ್ಮಂಥ ಸಣ್ಣ ಸಂಘ ಯಾವ ವಿಷಯವನ್ನು ಅಧ್ಯಯನ ಮಾಡಬಹುದು ಎಂಬುದು ಸಂಘದ ಕಾರ್ಯದರ್ಶಿಯವರ ಪ್ರಶ್ನೆ. ನಾನು ವಾರ್ಡ್ ಸಮಿತಿಗಳ ಹೆಸರು ಹೇಳಿದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಅವು ಇರಬೇಕೆಂದು 74ನೇ ಸಂವಿಧಾನ ತಿದ್ದುಪಡಿ ಹೇಳುತ್ತದೆ, ಮೈಸೂರು ಆ ಲೆಕ್ಕಕ್ಕೆ ಸೇರುತ್ತದೆ. ಬೆಂಗಳೂರಿನಲ್ಲಿ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ನಂತರ ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ ಏರಿ, ಮತ್ತೆ 225ಕ್ಕೆ ಇಳಿದು, ಆ ವರ್ಷಗಳಲ್ಲಿ ಚುನಾವಣೆಯೇ ನಡೆಯದಿದ್ದುದನ್ನು ನೋಡಿದರೆ, ಗಡಿ ಬರೆಯುವವರು ಯಾರು ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ನಮ್ಮ ಘಟಕ ಇಂಥ ಅಧ್ಯಯನಕ್ಕೆ ಬಳಸುವ ಪ್ರಶ್ನಾವಳಿಯ ಒಂದು ಪ್ರತಿಯನ್ನು ಅವರಿಗೆ ಕೊಟ್ಟಿದ್ದೇನೆ. ಈಗಿನ ಕಾನೂನು ಏನು ಹೇಳುತ್ತದೆ ಎಂಬುದು ಅದರ ಮೊದಲ ಪ್ರಶ್ನೆ, ವಾಸ್ತವದಲ್ಲಿ ಏನು ನಡೆಯುತ್ತಿದೆ ಎಂಬುದು ಎರಡನೆಯದು, ನಮ್ಮ ವಾದವನ್ನು ಒಪ್ಪದವರಿಂದ ಮಾಹಿತಿ ಪಡೆದಿದ್ದೇವೆಯೇ ಎಂಬುದು ಮೂರನೆಯದು. ಮುಂದಿನ ತಿಂಗಳ ಸಭೆಯಲ್ಲಿ ಮೊದಲ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವುದಾಗಿ ಅವರು ಹೇಳಿದ್ದಾರೆ.